ನಾಲ್ಕು ಡಯೋಡ್‌ಗಳೂ ಮಲೆನಾಡಿನ ಮೋಟಾರೂ

ಕಾಳುಮೆಣಸಿನ ಕೊಯ್ಲಿನ ದಿನಗಳಲ್ಲಿ ಮಲೆನಾಡಿನ ಅಂಗಳಗಳಲ್ಲಿ ಒಂದು ಪರಿಚಿತ ದೃಶ್ಯ ಕಾಣಸಿಗುತ್ತದೆ. ಮೆಣಸು ಬಿಡಿಸುವ ಯಂತ್ರದ ಸ್ವಿಚ್ ಒತ್ತಲಾಗುತ್ತದೆ. ಮೋಟಾರು ತಿರುಗುವುದಿಲ್ಲ, ಗುಂಯ್‌ಗುಡುತ್ತ ನಿಂತಿರುತ್ತದೆ. ಮನೆಯೊಳಗೆ ದೀಪ ಮಂಕಾಗುತ್ತದೆ. ಯಾರಾದರೊಬ್ಬರು ಬೆಲ್ಟನ್ನು ಕೈಯಿಂದ ಎಳೆದು ಮೊದಲ ಸುತ್ತನ್ನು ತಿರುಗಿಸಿಕೊಡುತ್ತಾರೆ, ಯಂತ್ರ ಹೇಗೋ ನಡೆಯುತ್ತದೆ. ನಾಲ್ಕಾರು ದಿನ ಹೀಗೆ ಸಾಗಿ ಒಂದು ಸಂಜೆ ಸುಟ್ಟ ವಾರ್ನಿಷಿನ ವಾಸನೆ ಬರುತ್ತದೆ. ಮರುದಿನ ಮೋಟಾರು ಬಸ್ಸಿನ ಹಿಂದಿನ ಸೀಟಿನಡಿ ಕುಳಿತು ಪೇಟೆಯ ರಿವೈಂಡಿಂಗ್ ಅಂಗಡಿಗೆ ಪ್ರಯಾಣ ಮಾಡುತ್ತದೆ.

ಇದಕ್ಕೆ ಬೇಸತ್ತ ಕೃಷಿಕರಿಗೆ ಮತ್ತು ಕೈಚಳಕವುಳ್ಳ ಯುವಕರಿಗೆ ಇತ್ತೀಚಿನ ವರ್ಷಗಳಲ್ಲಿ ಬೇರೊಂದು ಮಾರ್ಗ ತೆರೆದುಕೊಂಡಿದೆ. ನಗರದವರು ಮನೆಯೊಳಗೇ ಓಡಲು ಕೊಂಡ ಟ್ರೆಡ್‌ಮಿಲ್‌ಗಳು ಹಳತಾಗಿ ಗುಜರಿಗೆ ಬೀಳುತ್ತವೆ. ಅವುಗಳಲ್ಲಿ ಒಳ್ಳೆಯ ಶಕ್ತಿಯ ಡಿಸಿ ಮೋಟಾರುಗಳಿರುತ್ತವೆ. ಮನೆಗೆ ಬರುವುದು ಎಸಿ; ಮೋಟಾರಿಗೆ ಬೇಕಾದದ್ದು ಡಿಸಿ. ನಡುವೆ ನಾಲ್ಕು ಡಯೋಡ್‌ಗಳನ್ನು ಸೇತುವೆಯಂತೆ ಜೋಡಿಸಿದರೆ ಕೆಲಸ ಮುಗಿಯಿತು ಎಂದು ಮೊಬೈಲಿನ ವಿಡಿಯೊಗಳು ಕಲಿಸುತ್ತವೆ. ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ, ಕೆಲವೇ ರೂಪಾಯಿ ಬೆಲೆಯ ಈ ಬಿಡಿಭಾಗ ಯಾವುದೇ ರೇಡಿಯೊ ರಿಪೇರಿ ಅಂಗಡಿಯಲ್ಲಿ ದೊರೆಯುತ್ತದೆ. ಮೋಟಾರು ನಿಜಕ್ಕೂ ತಿರುಗುತ್ತದೆ. ಕಡಿಮೆ ವೋಲ್ಟೇಜಿನಲ್ಲೂ ತಿರುಗುತ್ತದೆ. ಅಪಾಯ ಅಡಗಿರುವುದು ಆ ಯಶಸ್ಸಿನಲ್ಲಿಯೇ.

ಗ್ರಾಮೀಣ ಜಾಣ್ಮೆಯನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಎಸಿಯನ್ನು ಡಿಸಿಯಾಗಿಸಿ ಸಣ್ಣ ಮೋಟಾರು ನಡೆಸುವ ಆಲೋಚನೆ ಮಲೆನಾಡಿಗೆ ಅತ್ಯಂತ ಯೋಗ್ಯವಾದದ್ದು. ಆದರೆ ಮನೆಯ ಲೈನಿನಿಂದ ನೇರವಾಗಿ, ನಡುವೆ ಯಾವ ಪ್ರತ್ಯೇಕತೆಯೂ ಇಲ್ಲದೆ ಮಾಡುವ ಪರಿವರ್ತನೆ ಒದ್ದೆ ಅಂಗಳಕ್ಕೂ ಅಡಿಕೆ ಕೊಟ್ಟಿಗೆಗೂ ಸಲ್ಲದು. ಈ ಎರಡರ ನಡುವಣ ವ್ಯತ್ಯಾಸ ಗೊತ್ತಿಲ್ಲದೆ ಇಂಥ ಜೋಡಣೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹರಡುವುದು ಆತಂಕದ ಸಂಗತಿ.

ಇಂಡಕ್ಷನ್ ಮೋಟಾರು ಏಕೆ ಸೋಲುತ್ತದೆ ಎಂಬುದನ್ನು ಮೊದಲು ನೋಡಬೇಕು. ಮಲೆನಾಡಿನ ಮನೆಗಳು ಒಂದರಿಂದೊಂದು ದೂರ. ಟ್ರಾನ್ಸ್‌ಫಾರ್ಮರಿನಿಂದ ಕೊನೆಯ ಮನೆಗೆ ಒಂದು ಕಿಲೋಮೀಟರ್ ತಂತಿ ಎಳೆದಿರುವುದು ಅಪರೂಪವೇನಲ್ಲ. ಇಂಥ ಕಡೆ ಬಳಸುವ ತೆಳುವಾದ ಅಲ್ಯೂಮಿನಿಯಂ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 1.4 ಓಮ್. ಹೋಗುವ ತಂತಿ, ಮರಳುವ ತಂತಿ ಎರಡೂ ಸೇರಿದರೆ 2.8 ಓಮ್. ಸಂಜೆಯ ಹೊತ್ತು ಆ ತುದಿಯ ಮನೆಗಳೆಲ್ಲ ಸೇರಿ 20 ಆಂಪಿಯರ್ ಎಳೆದರೆ 56 ವೋಲ್ಟ್ ದಾರಿಯಲ್ಲೇ ಉದುರಿಹೋಗುತ್ತದೆ. 230 ಇರಬೇಕಾದಲ್ಲಿ 174 ಉಳಿಯುತ್ತದೆ. ಸಾವಿರದ ನೂರು ವ್ಯಾಟ್‌ಗೂ ಮೀರಿದ ಶಕ್ತಿ, ಎಂದರೆ ಹೊರಟ ಶಕ್ತಿಯ ಹೆಚ್ಚುಕಡಿಮೆ ಕಾಲುಭಾಗ, ಕಾಡಿನ ನಡುವಿನ ತಂತಿಯನ್ನು ಬಿಸಿ ಮಾಡುವುದಕ್ಕೇ ವ್ಯಯವಾಗುತ್ತದೆ.

ಇಂಡಕ್ಷನ್ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ವೋಲ್ಟೇಜು ನಾಲ್ಕನೆಯ ಒಂದು ಭಾಗ ಇಳಿದರೆ ಬಲ ಅಷ್ಟೇ ಇಳಿಯುವುದಿಲ್ಲ. 174 ವೋಲ್ಟ್‌ನಲ್ಲಿ ಅದು ಶೇ 57ಕ್ಕೆ ಕುಸಿಯುತ್ತದೆ. ಬಲ ಸಾಲದೆ ಮೋಟಾರು ನಿಲ್ಲುತ್ತದೆ, ನಿಂತ ಮೋಟಾರು ಹಲವು ಪಟ್ಟು ಹೆಚ್ಚು ಪ್ರವಾಹ ಎಳೆಯುತ್ತದೆ, ಸುರುಳಿ ಸುಡುತ್ತದೆ. ಶಾಶ್ವತ ಅಯಸ್ಕಾಂತವಿರುವ ಡಿಸಿ ಮೋಟಾರಿನ ಸ್ವಭಾವ ಬೇರೆ. ಅದರ ವೇಗ ವೋಲ್ಟೇಜನ್ನೂ, ಬಲ ಪ್ರವಾಹವನ್ನೂ ಅನುಸರಿಸುತ್ತದೆ. ವೋಲ್ಟೇಜು ಇಳಿದರೆ ಅದು ನಿಧಾನವಾಗುತ್ತದೆ, ಆದರೆ ಎಳೆಯುವುದನ್ನು ಸುಲಭವಾಗಿ ಬಿಡುವುದಿಲ್ಲ. ಹೊರಡುವ ಕ್ಷಣದ ಬಲ ಇಂಡಕ್ಷನ್ ಮೋಟಾರಿನಂತೆ ವರ್ಗದ ಲೆಕ್ಕದಲ್ಲಲ್ಲ, ನೇರ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದಲೇ ಗುಜರಿಯ ಮೋಟಾರು ಹೊಸ ಇಂಡಕ್ಷನ್ ಮೋಟಾರಿಗಿಂತ ಚೆನ್ನಾಗಿ ಕೆಲಸ ಮಾಡಿತು ಎಂಬ ಕೃಷಿಕರ ಅನುಭವವನ್ನು ಸುಳ್ಳೆನ್ನಲಾಗದು. ಒಂದು ಮಾತನ್ನು ಇಲ್ಲಿಯೇ ಹೇಳಬಹುದು: ಮಿಕ್ಸಿ ಮತ್ತು ಕೈಡ್ರಿಲ್‌ಗಳಲ್ಲಿರುವ ಬ್ರಷ್ ಮೋಟಾರು ಎಸಿ, ಡಿಸಿ ಎರಡರಲ್ಲೂ ತಿರುಗುವಂಥದು. ಅದಕ್ಕೆ ಡಯೋಡ್ ಜೋಡಿಸುವ ಶ್ರಮವೇ ವ್ಯರ್ಥ.

ಇನ್ನು ನಾಲ್ಕು ಡಯೋಡ್‌ಗಳ ವಿಚಾರ. ಗೋಡೆಯ ಪ್ಲಗ್ಗಿನಲ್ಲಿರುವ ಪ್ರವಾಹ ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಓಲಾಡುತ್ತದೆ. 230 ವೋಲ್ಟ್ ಎಂಬುದು ಅದರ ಪರಿಣಾಮಕಾರಿ ಬೆಲೆ. ಅಲೆಯ ನೆತ್ತಿ 325 ವೋಲ್ಟ್‌ಗೆ ಮುಟ್ಟುತ್ತದೆ. ಡಯೋಡ್‌ಗಳ ಸೇತುವೆ ಅಲೆಯ ಕೆಳಗಿನ ಅರ್ಧವನ್ನೂ ಮಡಚಿ ಮೇಲಕ್ಕೆ ತರುತ್ತದೆ. ಆಗ ದೊರೆಯುವುದು ಒಂದೇ ದಿಕ್ಕಿನ, ಸೆಕೆಂಡಿಗೆ 100 ಬಾರಿ ಏರಿಳಿಯುವ ಪ್ರವಾಹ. ಅದರ ಸರಾಸರಿ 207 ವೋಲ್ಟ್. 180 ವೋಲ್ಟ್‌ನ ಮೋಟಾರಿಗೆ ಇದು ಸ್ವಲ್ಪ ಹೆಚ್ಚೇ ಆದರೂ ಅದು ತಾಳಿಕೊಳ್ಳುತ್ತದೆ. ಆದರೆ ರೇಡಿಯೊ ನಕ್ಷೆಗಳನ್ನು ನೋಡಿ ಕಲಿತವರು ಡಯೋಡ್‌ಗಳ ಪಕ್ಕದಲ್ಲಿ ಒಂದು ದೊಡ್ಡ ಕೆಪಾಸಿಟರನ್ನೂ ಕೂರಿಸುತ್ತಾರೆ. ಕೆಪಾಸಿಟರ್ ಅಲೆಯ ನೆತ್ತಿಯನ್ನೇ ಹಿಡಿದಿಡುತ್ತದೆ. ಭಾರವಿಲ್ಲದಿರುವಾಗ ಮೋಟಾರಿಗೆ ಸಿಗುವುದು 207 ಅಲ್ಲ, 325 ವೋಲ್ಟ್. 180 ವೋಲ್ಟ್‌ಗೆಂದು ಮಾಡಿದ ಮೋಟಾರು ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಕಿರುಚುತ್ತದೆ. ಪುಲ್ಲಿ ಸಡಿಲವಾಗಿದ್ದರೆ ಅದು ಎತ್ತ ಹಾರುತ್ತದೆ ಎಂದು ಹೇಳಲಾಗದು. ವಿಚಿತ್ರವೆಂದರೆ ಮೋಟಾರಿಗೆ ಈ ಕೆಪಾಸಿಟರ್ ಬೇಕಾಗಿಯೇ ಇಲ್ಲ. ರೇಡಿಯೊದ ಧ್ವನಿಯಲ್ಲಿ ಗುಂಗು ಕೇಳಬಾರದೆಂದು ಅಲ್ಲಿ ಹಾಕುವ ವಸ್ತು ಅದು. ಮೋಟಾರಿನ ಸುರುಳಿ ಮತ್ತು ತಿರುಗುವ ಭಾರ ಆ ಏರಿಳಿತವನ್ನು ತಾವೇ ನುಂಗಿಕೊಳ್ಳುತ್ತವೆ.

ಬೇಡವಾದ ಆ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ತುಂಬಿಕೊಂಡೇ ಇರಬಲ್ಲದು. 470 ಮೈಕ್ರೋಫ್ಯಾರಡ್‌ನ ಸಾಧಾರಣ ಕೆಪಾಸಿಟರ್ 325 ವೋಲ್ಟ್‌ನಲ್ಲಿ ಸುಮಾರು 25 ಜೂಲ್ ಶಕ್ತಿಯನ್ನು ಹಿಡಿದಿರುತ್ತದೆ. ಸ್ವಿಚ್ ಆರಿಸಿದೆವಲ್ಲ ಎಂದು ಕೈಹಾಕಿದವರಿಗೆ ಅದು ಬಡಿಯುತ್ತದೆ. ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಇಂಥ ಪೆಟ್ಟಿಗೆಯನ್ನು ಎಂದಾದರೂ ತೆರೆಯಬೇಕಾಗಿ ಬಂದರೆ ಒಂದು ವಿಚಾರವನ್ನು ನೆನಪಿಡಬೇಕು. ಕೆಪಾಸಿಟರಿಗೆ ಅಡ್ಡಲಾಗಿ 47 ಕಿಲೋ ಓಮ್‌ನ, 5 ವ್ಯಾಟ್‌ನ ರೋಧಕವೊಂದು ಖಾಯಂ ಆಗಿ ಇರಲೇಬೇಕು. ಇದ್ದರೂ ಪೂರ್ತಿ ಖಾಲಿಯಾಗಲು ಎರಡು ನಿಮಿಷ ಹಿಡಿಯುತ್ತದೆ. ಆ ಬಳಿಕವೂ ಮೀಟರಿನಿಂದ ಅಳೆದು ನೋಡದೆ ಮುಟ್ಟಬಾರದು.

ಇದಕ್ಕಿಂತ ಗಂಭೀರವಾದದ್ದು ಒಂದು ತಪ್ಪು ತಿಳಿವಳಿಕೆ. ಬ್ಯಾಟರಿಯನ್ನು ಕಂಡವರಿಗೆ ಡಿಸಿ ಎಂದರೆ ಸೌಮ್ಯ ಎಂಬ ಭಾವನೆ ಇರುತ್ತದೆ. ಜೀಪಿನ ಬ್ಯಾಟರಿಯ ಎರಡು ತುದಿಗಳನ್ನು ಒಣ ಕೈಯಿಂದ ಮುಟ್ಟಿದರೆ ಏನೂ ಆಗುವುದಿಲ್ಲ. ನೆಗೆಟಿವ್ ತುದಿಯಂತೂ ಗಾಡಿಯ ಮೈಗೇ ಕಟ್ಟಿರುತ್ತದೆ. ಆ ಸೌಮ್ಯತೆ ಬಂದದ್ದು 12 ವೋಲ್ಟ್‌ನಿಂದ, ಡಿಸಿ ಎಂಬ ಗುಣದಿಂದಲ್ಲ. ಲೈನಿನಿಂದ ನೇರವಾಗಿ ಪಡೆದ ಡಿಸಿಯಲ್ಲಿ ನೆಗೆಟಿವ್ ತುದಿ ನ್ಯೂಟ್ರಲ್ ಅಲ್ಲವೇ ಅಲ್ಲ. ಅಲೆಯ ಒಂದು ಅರ್ಧದಲ್ಲಿ ಅದು ನ್ಯೂಟ್ರಲ್‌ಗೆ ಅಂಟಿಕೊಂಡಿದ್ದರೆ ಇನ್ನೊಂದು ಅರ್ಧದಲ್ಲಿ ಫೇಸ್‌ಗೆ ಅಂಟಿಕೊಳ್ಳುತ್ತದೆ. ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗೆ ಪಾಸಿಟಿವ್ ಎಷ್ಟು ಅಪಾಯಕಾರಿಯೋ ನೆಗೆಟಿವ್ ಕೂಡ ಅಷ್ಟೇ. ಜೀಪಿನ ಅಭ್ಯಾಸದಂತೆ ನೆಗೆಟಿವ್ ತಂತಿಯನ್ನು ಯಂತ್ರದ ಕಬ್ಬಿಣದ ಚೌಕಟ್ಟಿಗೆ ಕಟ್ಟಿದರೆ, ಅಡಿಕೆ ಸುಲಿಯುವ ಮಹಿಳೆ ಕೈಯಿಟ್ಟಿರುವ ಚೌಕಟ್ಟೇ ಫೇಸ್ ಆಗುತ್ತದೆ.

ಮನೆಯಲ್ಲಿ 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ ಸ್ವಿಚ್ ಹಾಕಿಸಿಕೊಂಡಿರುವವರು ನಿಶ್ಚಿಂತರಾಗಿರಬಹುದೇ? ಅದೂ ಸಾಧ್ಯವಿಲ್ಲ. ಸಾಮಾನ್ಯವಾಗಿ ಅಳವಡಿಸಲಾಗುವ ಅಗ್ಗದ ಮಾದರಿ ಎಸಿ ಸೋರಿಕೆಯನ್ನು ಮಾತ್ರ ಗುರುತಿಸುತ್ತದೆ. ಡಯೋಡ್ ದಾಟಿದ ಪ್ರವಾಹ ಸೋರಿದರೆ ಅದು ಬೀಳದೆಯೇ ಇರಬಹುದು. ನಯವಾದ ಡಿಸಿ ಸೋರುತ್ತಿದ್ದರೆ ಅದರ ಒಳಗಿನ ಅಯಸ್ಕಾಂತೀಯ ತಿರುಳು ಮರಗಟ್ಟಿ, ಬೇರೆಡೆಯ ಎಸಿ ಸೋರಿಕೆಗೂ ಅದು ಕುರುಡಾಗಬಹುದು. ಸ್ವಿಚ್‌ಗಳದ್ದೂ ಇದೇ ಕಥೆ. ಎಸಿ ಪ್ರವಾಹ ಸೆಕೆಂಡಿಗೆ ನೂರು ಸಲ ಶೂನ್ಯಕ್ಕೆ ಬರುವುದರಿಂದ ಸ್ವಿಚ್ ತೆರೆದಾಗ ಏಳುವ ಕಿಡಿ ಕೂಡಲೇ ನಂದುತ್ತದೆ. ನಯವಾದ ಡಿಸಿಗೆ ಶೂನ್ಯವೇ ಇಲ್ಲ. ಕಿಡಿ ಎಳೆದುಕೊಂಡು ಉರಿಯುತ್ತದೆ. ಒಣ ಅಡಿಕೆ ಸಿಪ್ಪೆಯ ರಾಶಿ ಪಕ್ಕದಲ್ಲಿರುವ ಕೊಟ್ಟಿಗೆಯಲ್ಲಿ ಅದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಡಯೋಡ್‌ಗಳಿಗೆ ಮೊದಲೇ, ಎಸಿಯ ಬದಿಯಲ್ಲೇ ಸ್ವಿಚ್ ಇಡುವುದು ಇದಕ್ಕೆ ಸರಳ ಪರಿಹಾರ. ಆದರೆ ಬಹಳಷ್ಟು ಮಂದಿ ಮೋಟಾರಿನ ಹತ್ತಿರ ಅನುಕೂಲವೆಂದು ಡಿಸಿಯ ಬದಿಯಲ್ಲೇ ಇಡುತ್ತಾರೆ.

ಹಾಗಾದರೆ ಯೋಗ್ಯವಾದ ದಾರಿ ಯಾವುದು? ಅದಕ್ಕೊಂದು ಉತ್ತಮ ಮಾದರಿ ಈಗಾಗಲೇ ಮಲೆನಾಡಿನ ಮನೆಮನೆಯಲ್ಲಿದೆ, ಯಾರೂ ಅದನ್ನು ಹಾಗೆಂದು ಗುರುತಿಸಿಲ್ಲ ಅಷ್ಟೆ. ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿ ಸ್ಪ್ರೇಯರಿನಲ್ಲಿರುವುದು ಪುಟ್ಟದೊಂದು ಡಿಸಿ ಮೋಟಾರು. ಚಾರ್ಜರ್ ಮನೆಯೊಳಗಿನ ಒಣ ಜಾಗದಲ್ಲಿ, ರಾತ್ರಿಯ ಹೊತ್ತು, ಎಸಿಯನ್ನು ಡಿಸಿಯಾಗಿಸಿ ಬ್ಯಾಟರಿಗೆ ತುಂಬುತ್ತದೆ. 12 ವೋಲ್ಟ್, 8 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು 96 ವ್ಯಾಟ್ ಗಂಟೆ, ಎಂದರೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗಕ್ಕೂ ತುಸು ಕಡಿಮೆ. ಮೋಟಾರು ಕೆಲಸ ಮಾಡುವುದು ಮಳೆಯಲ್ಲಿ, ತೋಟದಲ್ಲಿ. ಅಲ್ಲಿಗೆ ಯಾವ ತಂತಿಯೂ ಹೋಗುವುದಿಲ್ಲ. ಒದ್ದೆ ಜಾಗಕ್ಕೆ ಲೈನಿನ ವೋಲ್ಟೇಜು ಬರಬಾರದು ಎಂಬ ತತ್ತ್ವ ಇಲ್ಲಿ ತಾನಾಗಿಯೇ ಪಾಲನೆಯಾಗಿದೆ. ಇದಕ್ಕೆ ವಿರುದ್ಧವಾದ ಚಿತ್ರವನ್ನು ಕೊಳೆರೋಗದ ಔಷಧಿ ಹೊಡೆಯುವ ದಿನಗಳಲ್ಲಿ ಕಾಣಬಹುದು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ಡ್ರಮ್ಮು, ಅದರ ಪಕ್ಕ ಮೋಟಾರು, ಅಂಗಳದ ನೀರಿನಲ್ಲಿ ಬಿದ್ದಿರುವ ವೈರು, ಮೇಲೆ ಮರದಲ್ಲಿ ಕೊನೆಗೌಡ, ಕೆಳಗೆ ಒದ್ದೆ ಪೈಪು ಹಿಡಿದ ಮನೆಯವರು. ಈ ಮೋಟಾರನ್ನು ಲೈನಿನಿಂದ ನೇರ ಪಡೆದ ಡಿಸಿಯಿಂದ ನಡೆಸುವುದೆಂದರೆ ಅಂಗಳವನ್ನೇ ಪಣಕ್ಕಿಟ್ಟಂತೆ. ಡಿಸಿ ಸೋರಿಕೆಯಿಂದ ಒದ್ದೆ ಲೋಹ ವಿದ್ಯುದ್ವಿಭಜನೆಯಾಗಿ ತುಕ್ಕು ಹಿಡಿಯುವುದೂ ವೇಗವಾಗುತ್ತದೆ. ಅದು ಸಣ್ಣ ನಷ್ಟ ಮಾತ್ರ.

ಅರ್ಧ ಅಶ್ವಶಕ್ತಿಯ ಮೆಣಸು ಬಿಡಿಸುವ ಯಂತ್ರಕ್ಕೆ 12 ವೋಲ್ಟ್ ಸಾಕಾಗದು. ಅರ್ಧ ಅಶ್ವಶಕ್ತಿ ಎಂದರೆ 373 ವ್ಯಾಟ್. 12 ವೋಲ್ಟ್‌ನಲ್ಲಿ ಅದಕ್ಕೆ 31 ಆಂಪಿಯರ್ ಬೇಕು. ಮನೆಯ ಗೋಡೆಯಿಂದ ಹತ್ತು ಮೀಟರ್ ದೂರದ ಅಂಗಳಕ್ಕೆ 4 ಚದರ ಮಿಲಿಮೀಟರಿನ ದಪ್ಪ ತಾಮ್ರದ ವೈರು ಎಳೆದರೂ 2.7 ವೋಲ್ಟ್ ವೈರಿನಲ್ಲೇ ಹೋಗುತ್ತದೆ, 12ರಲ್ಲಿ 2.7 ಹೋದರೆ ಉಳಿಯುವುದೇನು? 48 ವೋಲ್ಟ್‌ನಲ್ಲಿ ಅದೇ ಕೆಲಸಕ್ಕೆ 8 ಆಂಪಿಯರ್ ಸಾಕು. ವೈರಿನಲ್ಲಿ ಕಳೆದುಹೋಗುವುದು ಒಂದು ವೋಲ್ಟ್‌ಗಿಂತ ಕಡಿಮೆ. 48 ವೋಲ್ಟ್ ಒಣ ಕೈಗೆ ಮಾರಕವಲ್ಲ. ಒದ್ದೆ ಮೈಗೆ ಅದೂ ಸಂಪೂರ್ಣ ನಿರಪಾಯಕಾರಿ ಎನ್ನಲಾಗದು, ಆದರೆ 325 ವೋಲ್ಟ್‌ಗೂ ಅದಕ್ಕೂ ಅಜಗಜಾಂತರ. ಎಲೆಕ್ಟ್ರಿಕ್ ಸ್ಕೂಟರು, ಆಟೊಗಳ ದೆಸೆಯಿಂದ 48 ವೋಲ್ಟ್‌ನ ಮೋಟಾರುಗಳು ಈಗ ಸುಲಭವಾಗಿ ಸಿಗುತ್ತವೆ. ಮದರಾಸಿನ ಐಐಟಿಯಲ್ಲಿ ಪ್ರಾಧ್ಯಾಪಕ ಅಶೋಕ್ ಝುಂಝುನ್‌ವಾಲಾ ಅವರ ತಂಡ 2010ರ ದಶಕದಲ್ಲಿ ಮನೆಗಳಿಗೆಂದು ರೂಪಿಸಿದ ಇನ್ವರ್ಟರ್ ರಹಿತ ಸೌರ ವ್ಯವಸ್ಥೆಯೂ ಆಯ್ದುಕೊಂಡದ್ದು 48 ವೋಲ್ಟ್ ಡಿಸಿಯನ್ನೇ.

ಲೈನಿನಿಂದ 48 ವೋಲ್ಟ್ ಪಡೆಯುವುದಕ್ಕೆ ಎರಡು ವಿಧಾನಗಳುಂಟು. ಮೊದಲನೆಯದು ಹಳೆಯದು: ಎರಡು ಪ್ರತ್ಯೇಕ ಸುರುಳಿಗಳಿರುವ 500 ವೋಲ್ಟ್ ಆಂಪಿಯರಿನ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಅದರ ಮುಂದೆ ಡಯೋಡ್‌ಗಳ ಸೇತುವೆ. ಒಳಬರುವ ಸುರುಳಿಗೂ ಹೊರಹೋಗುವ ಸುರುಳಿಗೂ ತಂತಿಯ ಸಂಪರ್ಕವೇ ಇಲ್ಲ. ಶಕ್ತಿ ಅಯಸ್ಕಾಂತದ ಮೂಲಕ ಮಾತ್ರ ದಾಟುತ್ತದೆ. ಜೀವ ಉಳಿಸುವ ಪ್ರತ್ಯೇಕತೆ ಇದೇ. ಸ್ಟೆಬಿಲೈಸರ್‌ಗಳಲ್ಲಿ ಸಾಮಾನ್ಯವಾಗಿರುವ ಒಂದೇ ಸುರುಳಿಯ ಆಟೊ ಟ್ರಾನ್ಸ್‌ಫಾರ್ಮರ್ ನೋಡಲು ಹಾಗೆಯೇ ಇದ್ದರೂ ಈ ಪ್ರತ್ಯೇಕತೆಯನ್ನು ಕೊಡುವುದಿಲ್ಲ. ಅದನ್ನು ಇದಕ್ಕೆ ಬಳಸಕೂಡದು. 48 ವೋಲ್ಟ್ ಎಸಿಯಿಂದ ಸೇತುವೆ ದಾಟಿ ಬರುವ ಸರಾಸರಿ ಸುಮಾರು 42 ವೋಲ್ಟ್. ಮೋಟಾರು ಸ್ವಲ್ಪ ನಿಧಾನವಾಗುತ್ತದೆ, ಪುಲ್ಲಿಯ ಅಳತೆ ಬದಲಿಸಿದರೆ ಸರಿಹೋಗುತ್ತದೆ. ಎರಡನೆಯದು ಕಂಪ್ಯೂಟರಿನಲ್ಲಿರುವಂಥ ಎಸ್‌ಎಂಪಿಎಸ್ ಪೆಟ್ಟಿಗೆ. ಇವುಗಳಲ್ಲಿ ಕೆಲವು 90ರಿಂದ 264 ವೋಲ್ಟ್‌ವರೆಗೆ ಏನು ಬಂದರೂ ಸ್ವೀಕರಿಸಿ ಸ್ಥಿರವಾದ 48 ವೋಲ್ಟ್ ಕೊಡುತ್ತವೆ. ಹಗುರ, ಹೆಚ್ಚು ದಕ್ಷ, ಕಡಿಮೆ ವೋಲ್ಟೇಜಿನ ಚಿಂತೆಯೇ ಇಲ್ಲ. ಮೋಟಾರು ಹೊರಡುವಾಗಿನ ಹಠಾತ್ ಎಳೆತಕ್ಕೆ ಮುನಿದು ತಾನೇ ಆರಿಹೋಗುವ ಗುಣ ಮಾತ್ರ ಇವುಗಳಲ್ಲಿದೆ. ಅದಕ್ಕಾಗಿ ಮೆಲ್ಲನೆ ಹೊರಡಿಸುವ ನಿಯಂತ್ರಕ ಬೇಕಾಗುತ್ತದೆ. ಪೆಟ್ಟಿಗೆ ಯಾವುದೇ ಆಗಲಿ, ಅದು ಮನೆಯೊಳಗೆ ಗೋಡೆಯ ಮೇಲೆ ಎತ್ತರದಲ್ಲಿರಬೇಕು. ಅಂಗಳಕ್ಕೆ ಹೋಗುವುದು 48 ವೋಲ್ಟ್‌ನ ವೈರು ಮಾತ್ರ.

ಎರಡರಲ್ಲಿ ಯಾವುದು ಮಲೆನಾಡಿಗೆ ಹೊಂದುತ್ತದೆ? ತಾಂತ್ರಿಕ ಪತ್ರಿಕೆಗಳು ಎರಡನೆಯದನ್ನೇ ಹೇಳುತ್ತವೆ. ಆದರೆ ಏಪ್ರಿಲ್–ಮೇ ತಿಂಗಳ ಮತ್ತು ಹಿಂಗಾರಿನ ಸಿಡಿಲನ್ನು ಆ ಪತ್ರಿಕೆಗಳು ಕಂಡಿಲ್ಲ. ಒಂದು ಸಿಡಿಲಿಗೆ ಮನೆಯ ಎಲೆಕ್ಟ್ರಾನಿಕ್ ಸಾಮಾನುಗಳೆಲ್ಲ ಒಟ್ಟಿಗೆ ಸಾಯುವುದು ಇಲ್ಲಿ ವರ್ಷಂಪ್ರತಿ ನಡೆಯುವ ಸಂಗತಿ. ಸತ್ತ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ದುರಸ್ತಿ ಮಾಡುವವರು ತಾಲೂಕು ಪೇಟೆಯಲ್ಲಿ ಸಿಗುವುದು ಕಷ್ಟ. ಅದು ಇ-ತ್ಯಾಜ್ಯವಾಗಿ ಹಳ್ಳದ ಬದಿಗೆ ಸೇರುತ್ತದೆ. ಕಬ್ಬಿಣ ಮತ್ತು ತಾಮ್ರದ ಟ್ರಾನ್ಸ್‌ಫಾರ್ಮರ್ ಸಿಡಿಲಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಸುಟ್ಟರೂ ಮೋಟಾರು ಸುತ್ತುವವರೇ ಅದನ್ನೂ ಸುತ್ತಿಕೊಡಬಲ್ಲರು. ಬ್ರಷ್ ಇರುವ ಸಾದಾ ಡಿಸಿ ಮೋಟಾರಿನ ಬ್ರಷ್ ಸವೆದರೆ ಮನೆಯಲ್ಲೇ ಬದಲಿಸಬಹುದು. ಬ್ರಷ್‌ರಹಿತ ಬಿಎಲ್‌ಡಿಸಿ ಮೋಟಾರು ಹೆಚ್ಚು ದಕ್ಷವೇನೋ ಹೌದು, ಆದರೆ ಅದರ ನಿಯಂತ್ರಕ ಕೆಟ್ಟರೆ ಇಡೀ ಮೋಟಾರು ನಿರುಪಯುಕ್ತ. ದಿನವಿಡೀ ತಿರುಗುವ ಸೀಲಿಂಗ್ ಫ್ಯಾನಿಗೆ ಬಿಎಲ್‌ಡಿಸಿ ಯೋಗ್ಯ. 75 ವ್ಯಾಟ್ ಬೇಡುವಲ್ಲಿ ಅದು 30 ವ್ಯಾಟ್‌ನ ಆಸುಪಾಸಿನಲ್ಲಿ ತೃಪ್ತವಾಗುತ್ತದೆ. ವರ್ಷಕ್ಕೆ ಒಂದು ತಿಂಗಳು ಮಾತ್ರ ನಡೆಯುವ ಮೆಣಸಿನ ಯಂತ್ರದಲ್ಲಿ ಉಳಿಯುವ ನಾಲ್ಕು ಯೂನಿಟ್ಟಿಗಾಗಿ ದುರಸ್ತಿಯ ಸ್ವಾತಂತ್ರ್ಯವನ್ನು ಬಿಟ್ಟುಕೊಡುವುದು ಜಾಣತನವಲ್ಲ. ಬಾವಿಯ ಪಂಪಿಗಂತೂ ಇಂಡಕ್ಷನ್ ಮೋಟಾರೇ ಇರಲಿ. ಒಂದೆರಡು ಅಶ್ವಶಕ್ತಿ ದಾಟಿದ ಮೇಲೆ 48 ವೋಲ್ಟ್‌ನ ಲೆಕ್ಕ ಕೈಕೊಡುತ್ತದೆ.

ಸೌರಫಲಕವಿರುವ ಮನೆಗಳ ಸ್ಥಿತಿ ಇನ್ನೂ ವಿಚಿತ್ರ. ಫಲಕ ಕೊಡುವುದು ಡಿಸಿ, ಬ್ಯಾಟರಿ ಹಿಡಿಯುವುದು ಡಿಸಿ. ಇನ್ವರ್ಟರ್ ಅದನ್ನು ಎಸಿ ಮಾಡುತ್ತದೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಬಿಎಲ್‌ಡಿಸಿ ಫ್ಯಾನುಗಳು ಅದನ್ನು ಮತ್ತೆ ಡಿಸಿ ಮಾಡಿಕೊಳ್ಳುತ್ತವೆ. ಮನೆಯ ಬಾಗಿಲಿನಿಂದ ಹೊರಟು ಊರು ಸುತ್ತಿ ಅದೇ ಬಾಗಿಲಿಗೆ ಬಂದಂತೆ. ಪ್ರತಿ ಹಂತದಲ್ಲೂ ಶೇ 10ರಿಂದ 15 ಶಾಖವಾಗಿ ಹೋದರೆ ಮೋಡದ ದಿನಗಳಲ್ಲಿ ಹೆಣಗಿ ಸಂಗ್ರಹಿಸಿದ ಸೂರ್ಯಶಕ್ತಿಯ ಐದನೆಯ ಒಂದು ಭಾಗವೋ ನಾಲ್ಕನೆಯ ಒಂದು ಭಾಗವೋ ಇಲ್ಲವಾಗುತ್ತದೆ. 48 ವೋಲ್ಟ್‌ನ ಮೋಟಾರು ಇದ್ದಲ್ಲಿ ಬಿಸಿಲಿನ ಹಗಲು ಫಲಕದ ಬ್ಯಾಟರಿಯಿಂದಲೂ ಉಳಿದಂತೆ ಲೈನಿನ ಟ್ರಾನ್ಸ್‌ಫಾರ್ಮರಿನಿಂದಲೂ ಅದೇ ಯಂತ್ರವನ್ನು ನಡೆಸಬಹುದು.

ಎಸಿ, ಡಿಸಿಗಳ ಈ ಜಗಳ ಹೊಸದಲ್ಲ, ಕನ್ನಡ ನೆಲಕ್ಕೆ ಅಪರಿಚಿತವೂ ಅಲ್ಲ. ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಿಂದ ಹಂಚಿದ್ದು ಡಿಸಿಯನ್ನು. ಅದನ್ನು ದೂರಕ್ಕೆ ಒಯ್ಯಲು ವೋಲ್ಟೇಜು ಏರಿಸುವ ಉಪಾಯ ಅಂದು ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಇದ್ದುದರಿಂದ ಎಸಿ ಗೆದ್ದಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಎಸಿಯಿಂದಲೇ ಸಾಧ್ಯವಾಯಿತು. ಒಂದು ಶತಮಾನ ಕಳೆದು 2003ರಲ್ಲಿ ಅದೇ ಕೋಲಾರಕ್ಕೆ ಒಡಿಶಾದ ತಾಲ್ಚೇರಿನಿಂದ 1,350 ಕಿಲೋಮೀಟರಿಗೂ ಹೆಚ್ಚು ದೂರ ವಿದ್ಯುತ್ತು ಬಂದದ್ದು ಡಿಸಿಯಾಗಿ, 500 ಕಿಲೋವೋಲ್ಟ್‌ನ ಒತ್ತಡದಲ್ಲಿ. ಅಲ್ಲಿ ದೊಡ್ಡ ಕಟ್ಟಡದೊಳಗೆ ಅರೆವಾಹಕ ಸಾಧನಗಳು ಮಾಡುವ ಕೆಲಸವೂ ಕೊಟ್ಟಿಗೆಯ ನಾಲ್ಕು ಡಯೋಡ್‌ಗಳ ಕೆಲಸವೂ ಮೂಲದಲ್ಲಿ ಒಂದೇ. ಅಲ್ಲಿ ಸುತ್ತಲೂ ಬೇಲಿ, ತರಬೇತಾದ ಸಿಬ್ಬಂದಿ ಇದ್ದಾರೆ. ಇಲ್ಲಿ ಬರಿಗಾಲಿನ ಕೃಷಿಕರಿದ್ದಾರೆ.

ಈ ನಡುವೆ ಮಲೆನಾಡು ಏನು ಪಡೆಯಿತು? ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಶರಾವತಿ ಕಣಿವೆ ಮುಳುಗಿತು. ರಾಜ್ಯಕ್ಕೆ ಬೆಳಕು ಕೊಟ್ಟ ಹಿನ್ನೀರಿನ ಬದಿಯ ಹಲವು ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಇದ್ದವು. ಈಗ ಅದೇ ಕಣಿವೆಗೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಪ್ರಸ್ತಾಪಿಸುವಷ್ಟು ಉತ್ಸಾಹ ಸರ್ಕಾರಕ್ಕಿದೆ. ಆ ಕಾಡಂಚಿನ ಹಳ್ಳಿಯಲ್ಲಿ 25 ಕಿಲೋವೋಲ್ಟ್ ಆಂಪಿಯರಿನ ಇನ್ನೊಂದು ಟ್ರಾನ್ಸ್‌ಫಾರ್ಮರ್ ಹಾಕಿ ತಂತಿಯ ದೂರವನ್ನು ಅರ್ಧಕ್ಕಿಳಿಸಬೇಕೆಂದು ಕೇಳಿದರೆ ಮಾತ್ರ ಅಂದಾಜು ಪಟ್ಟಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಡಿಸಿ ಪೆಟ್ಟಿಗೆಯ ಪ್ರಚಾರದಲ್ಲಿರುವ ಒಂದು ತೊಡಕು ಇಲ್ಲಿಯೇ ಇದೆ, ಅದನ್ನು ಮುಚ್ಚಿಡಬಾರದು. ವೋಲ್ಟೇಜು ಇಳಿದರೂ ತನ್ನ ಕೆಲಸ ಬಿಡದ ಎಸ್‌ಎಂಪಿಎಸ್ ಅಷ್ಟೇ ಶಕ್ತಿಗಾಗಿ ಲೈನಿನಿಂದ ಹೆಚ್ಚು ಪ್ರವಾಹ ಎಳೆಯುತ್ತದೆ. 230ರಲ್ಲಿ ಎರಡು ಆಂಪಿಯರಿಗಿಂತ ಕಡಿಮೆ ಎಳೆಯುತ್ತಿದ್ದದ್ದು 160ರಲ್ಲಿ ಎರಡೂವರೆ ಎಳೆಯುತ್ತದೆ. ಅಷ್ಟರಮಟ್ಟಿಗೆ ನೆರೆಮನೆಯ ವೋಲ್ಟೇಜು ಇನ್ನೂ ಇಳಿಯುತ್ತದೆ. ಒಬ್ಬರ ಉಪಾಯ ಲೈನಿನ ಕೊನೆಯ ಮನೆಯ ಪಂಪನ್ನು ಸುಡಬಹುದು. ಹೀಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಪೆಟ್ಟಿಗೆಯ ಹಿಂದೆ ಸುರಕ್ಷಿತರಾದರೆ ತೆಳು ತಂತಿಯ ಬಗ್ಗೆ ದೂರುವವರೇ ಇಲ್ಲವಾಗುತ್ತಾರೆ, ವಿದ್ಯುತ್ ಕಂಪನಿಗೆ ಅದಕ್ಕಿಂತ ಅನುಕೂಲ ಬೇರೇನಿದೆ? 1956ರ ಭಾರತೀಯ ವಿದ್ಯುತ್ ನಿಯಮಗಳೇ ಕೆಳಮಟ್ಟದ ವೋಲ್ಟೇಜಿನ ಸಂಪರ್ಕಗಳಲ್ಲಿ ಶೇ 6ಕ್ಕಿಂತ ಹೆಚ್ಚು ಏರಿಳಿತ ಸಲ್ಲದೆಂದು ವಿಧಿಸಿದ್ದವು. 230ಕ್ಕೆ ಆ ಲೆಕ್ಕದಲ್ಲಿ 216ಕ್ಕಿಂತ ಕೆಳಗೆ ಇಳಿಯುವಂತಿಲ್ಲ. 174 ವೋಲ್ಟ್ ಎಂಬುದು ಮಲೆನಾಡಿನ ಪ್ರಾಕೃತಿಕ ಲಕ್ಷಣವೇನಲ್ಲ.

ಸರ್ಕಾರದ ಉದಾರತೆಯ ದಿಕ್ಕೂ ಗಮನಾರ್ಹ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಮನೆಬಳಕೆಗೂ ಮಿತಿಯೊಳಗೆ ಉಚಿತ ಯೂನಿಟ್ಟುಗಳನ್ನು ಕೊಟ್ಟಿತು. ಯೂನಿಟ್ಟು ಉಚಿತವಾದರೂ ವೋಲ್ಟೇಜು ಇಲ್ಲದಿದ್ದರೆ ಮೋಟಾರು ಸುತ್ತುವ ಖರ್ಚು ಕೃಷಿಕನದ್ದೇ. ಕೃಷಿ ಯಂತ್ರಗಳ ಸಹಾಯಧನದ ಪಟ್ಟಿ ಬಯಲುಸೀಮೆಯ ಅಳತೆಯಲ್ಲಿ ದೊಡ್ಡ ಯಂತ್ರಗಳತ್ತಲೇ ವಾಲಿದೆ. ಪ್ರತ್ಯೇಕ ಸುರುಳಿಯ ಟ್ರಾನ್ಸ್‌ಫಾರ್ಮರ್ ಸಹಿತವಾದ, 48 ವೋಲ್ಟ್‌ನ, ಅರ್ಧ ಅಶ್ವಶಕ್ತಿಯ ಸುರಕ್ಷಿತ ಮೋಟಾರು ಆ ಪಟ್ಟಿಗೆ ಸೇರಿದರೆ ಯುವಕರು ಗುಜರಿ ಅಂಗಡಿಗೂ ವಿಡಿಯೊಗಳಿಗೂ ಮೊರೆಹೋಗುವ ಪ್ರಮೇಯ ತಪ್ಪುತ್ತದೆ. ಕೃಷಿ ವಿಶ್ವವಿದ್ಯಾಲಯಗಳ ಎಂಜಿನಿಯರಿಂಗ್ ವಿಭಾಗಗಳಿಗೆ ಇದು ಅಸಾಧ್ಯವಾದ ವಿನ್ಯಾಸವಲ್ಲ. ಡಿಪ್ಲೊಮಾ ವಿದ್ಯಾರ್ಥಿಗಳ ಪ್ರಾಜೆಕ್ಟಿಗೂ ನಿಲುಕುವಂಥದು.

ಅಲ್ಲಿಯವರೆಗೆ ಹಳ್ಳಿಯ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸವಿದೆ. ಅದಕ್ಕೆ ಡಯೋಡೂ ಬೇಡ, ಬೆಸುಗೆಯೂ ಬೇಡ. ಪ್ಲಗ್ಗಿಗೆ ಸಿಕ್ಕಿಸಿದರೆ ವೋಲ್ಟೇಜು ತೋರಿಸುವ ಪುಟ್ಟ ಡಿಜಿಟಲ್ ಮೀಟರುಗಳು ಅಗ್ಗದ ಬೆಲೆಗೆ ದೊರೆಯುತ್ತವೆ. ಟ್ರಾನ್ಸ್‌ಫಾರ್ಮರಿನ ಹತ್ತಿರದ ಒಂದು ಮನೆ, ನಡುವಿನ ಒಂದು ಮನೆ, ಕೊನೆಯ ಒಂದು ಮನೆ. ಸಂಜೆ 6ರಿಂದ 9ರವರೆಗೆ ಅರ್ಧ ಗಂಟೆಗೊಮ್ಮೆ ಓದಿದ ಅಂಕಿಗಳು, ತಾರೀಖು ಸಹಿತ, ಒಂದು ತಿಂಗಳು. ಮೆಣಸಿನ ಕೊಯ್ಲಿನ ತಿಂಗಳೇ ಇದಕ್ಕೆ ಸೂಕ್ತ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಪ್ರತಿಯೊಂದು ವಿದ್ಯುತ್ ಸರಬರಾಜು ಕಂಪನಿಯೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯನ್ನು ಹೊಂದಿರಬೇಕು. ಬಾಯಿಮಾತಿನ ದೂರನ್ನು ಲೈನ್‌ಮನ್ ಅಸಹಾಯಕತೆಯಿಂದ ಕೇಳಿ ಮರೆಯಬಹುದು. ಅವರಿಗೂ ಕೊಡಲು ಹೊಸ ತಂತಿ ಇಲ್ಲ. ಮೂರು ಮನೆಗಳ ಒಂದು ತಿಂಗಳ ಅಂಕಿಗಳನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿ, ಅದರ ನಕಲನ್ನು ವೇದಿಕೆಗೆ ಸಲ್ಲಿಸಿದರೆ ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ.